ಹತ್ತು ತಿಂಗಳ ಅಡ್ವಾನ್ಸ್: ಬೆಂಗಳೂರಿನ ಒಂದು ಬಾಡಿಗೆ ಪ್ರಕರಣ ಮತ್ತು ಕಾಯ್ದೆ ತಿದ್ದುಪಡಿಯ ಪ್ರಶ್ನೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವವರಿಗೆ ಒಂದೇ ಚಿಂತೆ: ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತದೋ ಇಲ್ಲವೋ. ಮನೆ ಕೊಡುವವರದೂ ಒಂದೇ ಚಿಂತೆ: ಬಾಡಿಗೆ ಕೊಡದೆ ಕೂತರೆ ಖಾಲಿ ಮಾಡಿಸುವುದು ಹೇಗೆ. ಬಾಡಿಗೆ ಕಾಯ್ದೆ ಬದಲಾಗಬೇಕು ಎಂಬ ಮಾತು ಬಂದಾಗೆಲ್ಲ ಬಾಡಿಗೆದಾರರ ಪರ ಇರುವವರು ಮೊದಲನೆಯದನ್ನು ಹಿಡಿದುಕೊಳ್ಳುತ್ತಾರೆ, ಮಾಲೀಕರ ಪರ ಇರುವವರು ಎರಡನೆಯದನ್ನು. ಇವೆರಡೂ ಒಂದೇ ಗಂಟಿನ ಎರಡು ತುದಿ ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಈ ಪ್ರಕರಣದಲ್ಲಿ. ಅದಕ್ಕೇ ಇದನ್ನು ವಿವರವಾಗಿ ದಾಖಲಿಸುತ್ತಿದ್ದೇನೆ.

ನಾನು ಬಾಡಿಗೆದಾರರ ಕಡೆಯ ಕಾಗದಪತ್ರ ನೋಡಿಕೊಂಡಿದ್ದೆ, ಸಂಧಾನದ ಸಭೆಗಳಲ್ಲೂ ಕೂತಿದ್ದೆ. ಎರಡೂ ಕಡೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಉದ್ಯೋಗದ ಕೆಲವು ವಿವರ ಬದಲಿಸಿದ್ದೇನೆ. ಮೊತ್ತಗಳನ್ನು ಸಾವಿರಕ್ಕೆ ಸರಿಮಾಡಿದ್ದೇನೆ. ಇಲ್ಲಿ ಅವರನ್ನು ಬಾಡಿಗೆದಾರ್ತಿ, ಯಜಮಾನಿ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಬಾಡಿಗೆದಾರ್ತಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ, ಒಂದು ಮಗು. 2019ರ ಜೂನ್‌ನಲ್ಲಿ ನಗರದ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆಗೆ ಬಂದರು. ಕರಾರು ಆಗಿದ್ದು ಆಕೆಯ ಹೆಸರಿನಲ್ಲೇ. ಬಾಡಿಗೆ ತಿಂಗಳಿಗೆ ₹16,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ ₹1,60,000. ಯಜಮಾನಿ ಅರವತ್ತೈದು ದಾಟಿದ ವಿಧವೆ. ಕೆಳಮನೆಯಲ್ಲಿ ಒಬ್ಬರೇ ಇರುತ್ತಾರೆ. ಮಗ ಬೇರೆ ರಾಜ್ಯದಲ್ಲಿ ಕೆಲಸದಲ್ಲಿದ್ದಾರೆ. ಮೇಲಿನ ಮನೆಯ ಬಾಡಿಗೆಯೇ ಅವರ ಮುಖ್ಯ ಆದಾಯ.

ಕರಾರು ಪತ್ರ ನಮ್ಮಲ್ಲಿ ಎಲ್ಲರೂ ಮಾಡಿಕೊಳ್ಳುವಂಥದ್ದೇ: ನೂರು ರೂಪಾಯಿಯ ಛಾಪಾ ಕಾಗದ, ಹನ್ನೊಂದು ತಿಂಗಳ ಅವಧಿ, ನೋಂದಣಿ ಇಲ್ಲ. ಹನ್ನೊಂದು ತಿಂಗಳಿಗೆ ಕಾರಣ ಎಲ್ಲರಿಗೂ ಗೊತ್ತು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ನೋಂದಾಯಿಸಲೇಬೇಕು; ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ. ಆ ಪತ್ರವನ್ನು ಮತ್ತೆ ನವೀಕರಿಸಲೇ ಇಲ್ಲ. ಬಾಡಿಗೆ ಏರಿದ್ದೆಲ್ಲ ಬಾಯಿಮಾತಿನಲ್ಲೇ. 2020ರ ಲಾಕ್‌ಡೌನ್ ವರ್ಷದಲ್ಲಿ ಯಜಮಾನಿ ತಾವಾಗಿಯೇ ಏರಿಕೆ ಬೇಡವೆಂದರು. ಬಾಡಿಗೆದಾರ್ತಿ ಅವರ ಬಿಪಿ ನೋಡಿಕೊಳ್ಳುತ್ತಿದ್ದರು, ಔಷಧಿ ತಂದುಕೊಡುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ತಿಂಗಳ ಬಾಡಿಗೆಯೂ ತಪ್ಪಲಿಲ್ಲ. ಸಂಬಂಧ ಚೆನ್ನಾಗಿದ್ದುದರಿಂದಲೇ ಕಾಗದಪತ್ರ ಯಾರಿಗೂ ನೆನಪಾಗಲಿಲ್ಲ.

ಈ ಕರಾರಿನಲ್ಲಿ ಮುಂದೆ ಮುಖ್ಯವಾದ ಮೂರು ಸಾಲುಗಳಿದ್ದವು. ಖಾಲಿ ಮಾಡುವ ಮೊದಲು ಯಾರೇ ಆಗಲಿ ಎರಡು ತಿಂಗಳು ಮುಂಚೆ ತಿಳಿಸಬೇಕು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಬಹುದು. ‘ಹಾನಿಗಳು ಏನಾದರೂ ಇದ್ದಲ್ಲಿ’ ಅದರ ಮೊತ್ತ ಕಳೆದು ಉಳಿದ ಅಡ್ವಾನ್ಸ್ ಹಿಂದಿರುಗಿಸಬೇಕು. ಯಾವ ದಿನದೊಳಗೆ ಹಿಂದಿರುಗಿಸಬೇಕು, ಹಾನಿ ಎಂದರೆ ಏನು, ಅದನ್ನು ತೀರ್ಮಾನಿಸುವವರು ಯಾರು, ಮನೆ ಕೊಟ್ಟಾಗ ಯಾವ ಸ್ಥಿತಿಯಲ್ಲಿತ್ತು, ಇದ್ಯಾವುದೂ ಇರಲಿಲ್ಲ.

ಸಮಸ್ಯೆ

2023ರಲ್ಲಿ ಮಗುವಿನ ಶಾಲೆಗಾಗಿ ಮನೆ ಬದಲಿಸಲು ನಿರ್ಧರಿಸಿದರು. ಮಾರ್ಚ್ ಕೊನೆಯಲ್ಲಿ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದರು, ಎದುರು ಕೂತೂ ಹೇಳಿದರು. ಆಗಿನ ಬಾಡಿಗೆ ₹19,000. ಮೇ ಕೊನೆಗೆ ಖಾಲಿ ಮಾಡುವುದು ಎಂದಾಯಿತು. ಯಜಮಾನಿ, “ಹೊಸಬರು ಬರಲಿ ನೋಡಮ್ಮ, ಅವರ ಅಡ್ವಾನ್ಸ್ ಬಂದ ತಕ್ಷಣ ನಿಂದು ಕೊಟ್ಟುಬಿಡ್ತೀನಿ” ಎಂದರು. ಟು-ಲೆಟ್ ಬೋರ್ಡ್ ಹಾಕಿದರು. ಯಾರೂ ಬರಲಿಲ್ಲ.

ಈ ಮಾತಿನ ತೂಕ ಆಗ ಯಾರಿಗೂ ಹೊಳೆಯಲಿಲ್ಲ. ಹೊಸ ಮನೆಗೆ ಬಾಡಿಗೆದಾರ್ತಿ ಅಡ್ವಾನ್ಸ್ ಕಟ್ಟಲೇಬೇಕಿತ್ತು. ಹಳೆಯದು ಕೈಗೆ ಬಂದಿರಲಿಲ್ಲವಾದ್ದರಿಂದ ಒಡವೆ ಅಡವಿಟ್ಟು ಸಾಲ ತೆಗೆದರು. ಹತ್ತು ತಿಂಗಳ ಪದ್ಧತಿ ಇರುವ ಊರಿನಲ್ಲಿ ಮನೆ ಬದಲಿಸುವವರು ಆ ಒಂದೆರಡು ತಿಂಗಳು ಎರಡು ಮನೆಯ ಅಡ್ವಾನ್ಸ್ ಹೊರಬೇಕಾಗುತ್ತದೆ. ಸಂಬಳದ ಮೇಲೆ ಬದುಕುವ ಎಷ್ಟು ಕುಟುಂಬಗಳಿಗೆ ಇದು ಸಾಧ್ಯ?

ಮೇ ಮೂರನೇ ವಾರದಲ್ಲಿ ಮಾತುಕತೆ ಮಗನ ಕೈಗೆ ಹೋಯಿತು. ಅವರು ದೂರದಿಂದಲೇ ಒಂದು ಪಟ್ಟಿ ಕಳಿಸಿದರು. ಪೇಂಟಿಂಗ್ ₹19,000. ಬೆಡ್‌ರೂಮಿನ ಗೋಡೆ ಕೆರೆದು ಹೊಸದಾಗಿ ಪ್ಲಾಸ್ಟರಿಂಗ್ ₹35,000. ಅಡುಗೆಮನೆ ಕಪಾಟು ಮತ್ತು ಬಾತ್‌ರೂಮ್ ಬಾಗಿಲು ₹14,000. ಕ್ಲೀನಿಂಗ್ ₹6,000. ಕರೆಂಟ್ ಬಿಲ್ ಬಾಕಿ ₹2,000. ಹೊಸ ಬಾಡಿಗೆದಾರರು ಸಿಗುವವರೆಗೆ ಮನೆ ಖಾಲಿ ಇರುವುದರಿಂದ ಎರಡು ತಿಂಗಳ ನಷ್ಟ ₹38,000. ಒಟ್ಟು ₹1,14,000. ಹಿಂದಿರುಗಿಸುವುದು ₹46,000.

ಬಾಡಿಗೆದಾರ್ತಿ ಒಪ್ಪಿದ್ದು ಪೇಂಟಿಂಗ್ ಮತ್ತು ಕರೆಂಟ್ ಬಿಲ್ ಮಾತ್ರ. ಅವರ ಲೆಕ್ಕದಲ್ಲಿ ಬರಬೇಕಾದ್ದು ₹1,39,000. ಎರಡು ಲೆಕ್ಕಗಳ ನಡುವಿನ ಅಂತರ ₹93,000, ಆಕೆಯ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು.

ಬೀಗದ ಕೈ ಕೊಡಬೇಕೋ ಬೇಡವೋ

ಮೊದಲ ನಿರ್ಣಾಯಕ ಘಟ್ಟ ಮೇ ಕೊನೆಯ ವಾರದಲ್ಲಿ ಬಂತು. ನೆಂಟರಿಷ್ಟರು, ಸಹೋದ್ಯೋಗಿಗಳು ಎಲ್ಲರೂ ಒಂದೇ ಸಲಹೆ ಕೊಟ್ಟಿದ್ದರು: “ದುಡ್ಡು ಕೈಗೆ ಬರುವವರೆಗೆ ಕೀ ಕೊಡಬೇಡಿ.” ಅದಕ್ಕಿಂತ ಮೊದಲೇ, ಕೊನೆಯ ಎರಡು ತಿಂಗಳ ಬಾಡಿಗೆ ಕಟ್ಟದೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಎಂದವರೂ ಇದ್ದರು. ಅದು ಬೆಂಗಳೂರಿನಲ್ಲಿ ತೀರಾ ಸಾಮಾನ್ಯ. ಬಾಡಿಗೆದಾರ್ತಿ ಅದಕ್ಕೆ ಒಪ್ಪಿರಲಿಲ್ಲ. ಏಪ್ರಿಲ್, ಮೇ ಎರಡೂ ತಿಂಗಳ ಬಾಡಿಗೆಯನ್ನು ಐದನೇ ತಾರೀಖಿನೊಳಗೆ ಕಟ್ಟಿದ್ದರು.

ಇಲ್ಲಿ ನಾನು ಒಂದು ಮಾತು ನೇರವಾಗಿ ಹೇಳಬೇಕು. ಬಾಡಿಗೆ ನಿಲ್ಲಿಸಿದ್ದರೆ ಆಕೆಯ ಕೈಯಲ್ಲಿ ₹38,000 ಉಳಿದಿರುತ್ತಿತ್ತು, ಜಗಳದ ಮೊತ್ತ ಅಷ್ಟು ಕಡಿಮೆಯಾಗುತ್ತಿತ್ತು. ನಿಯಮದಂತೆ ನಡೆದವರ ಕೈ ಕೆಳಗಾಗುವುದು, ಮುರಿದವರ ಕೈ ಮೇಲಾಗುವುದು, ಈಗಿನ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಇದೇ ಎಂದು ನನಗನ್ನಿಸುತ್ತದೆ. ಮಾಲೀಕರಿಗೂ ಅದರಿಂದ ಒಳ್ಳೆಯದಾಗುವುದಿಲ್ಲ. ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸುವ ಅಭ್ಯಾಸ ಬೆಳೆದಷ್ಟೂ ಅವರು ಅಡ್ವಾನ್ಸ್ ಹೆಚ್ಚು ಕೇಳುತ್ತಾರೆ.

ಕೀ ವಿಚಾರದಲ್ಲಿ ನಮ್ಮ ಲೆಕ್ಕಾಚಾರ ಹೀಗಿತ್ತು. ಹನ್ನೊಂದು ತಿಂಗಳು ಮುಗಿದ ಮೇಲೂ ಯಜಮಾನಿ ಬಾಡಿಗೆ ತೆಗೆದುಕೊಳ್ಳುತ್ತಿದ್ದರಿಂದ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 116ರ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ. ಅಂಥ ಬಾಡಿಗೆ ಕೊನೆಗೊಳಿಸಲು ಸೆಕ್ಷನ್ 106 ಕೇಳುವುದು ಹದಿನೈದು ದಿನಗಳ ನೋಟಿಸ್. ಆಕೆ ಕರಾರಿನಂತೆ ಎರಡು ತಿಂಗಳು ಕೊಟ್ಟಿದ್ದರು. ಆ ನೆಲೆ ಗಟ್ಟಿಯಾಗಿತ್ತು. ಕೀ ಇಟ್ಟುಕೊಂಡರೆ ಅದೇ ನೆಲೆ ಸಡಿಲವಾಗುತ್ತಿತ್ತು: ಸ್ವಾಧೀನ ಬಿಟ್ಟುಕೊಟ್ಟಿಲ್ಲ ಎಂದಾಗಿ ಬಾಡಿಗೆ ಓಡುತ್ತಲೇ ಇರುತ್ತದೆ, ‘ಖಾಲಿ ಇದ್ದ ನಷ್ಟ’ ಎಂಬ ಯಜಮಾನಿಯ ಬೇಡಿಕೆಗೆ ನಾವೇ ಆಧಾರ ಒದಗಿಸಿದಂತಾಗುತ್ತದೆ.

ಮೇ 31ರಂದು ಕೀ ಒಪ್ಪಿಸಲಾಯಿತು. ಆದರೆ ಬರಿಗೈಯಲ್ಲಲ್ಲ. ಪ್ರತಿ ಕೋಣೆಯ ವಿಡಿಯೊ, ಮೀಟರ್ ರೀಡಿಂಗ್‌ನ ಫೋಟೊ, ಒಂದು ಹಾಳೆಯ ಒಪ್ಪಿಗೆ ಪತ್ರ. “ಮನೆಯ ಸ್ವಾಧೀನ ಮತ್ತು ಮೂರು ಬೀಗದ ಕೈಗಳನ್ನು ಈ ದಿನ ಪಡೆದಿದ್ದೇನೆ, ಅಡ್ವಾನ್ಸ್ ಲೆಕ್ಕ ಬಾಕಿ ಇದೆ” ಎಂಬ ಎರಡು ಸಾಲು. ಯಜಮಾನಿ ಓದಿ ಸಹಿ ಹಾಕಿದರು. ಆ ವಾರದಲ್ಲೇ ಮಗ ₹46,000 ವರ್ಗಾಯಿಸಿದರು, ‘ಪೂರ್ತಿ ಮತ್ತು ಅಂತಿಮ’ ಎಂಬ ಸಂದೇಶದೊಂದಿಗೆ. “ಭಾಗಶಃ ಪಾವತಿಯಾಗಿ ಮಾತ್ರ ಸ್ವೀಕರಿಸಿದ್ದೇನೆ” ಎಂದು ಬಾಡಿಗೆದಾರ್ತಿ ಅದೇ ದಿನ ಉತ್ತರ ಬರೆದರು. ಇಷ್ಟು ಚಿಕ್ಕ ಉತ್ತರವನ್ನು ಜನ ಬರೆಯದೆ ಬಿಡುತ್ತಾರೆ, ಆಮೇಲೆ ಅದಕ್ಕೆ ದೊಡ್ಡ ಬೆಲೆ ತೆರುತ್ತಾರೆ.

ಯಾವ ಬಾಗಿಲು ತಟ್ಟುವುದು

ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ವಿಷಯ ಎಂದರು, ಅದು ಸರಿಯೇ.

ಬಾಡಿಗೆಗೆಂದೇ ಇರುವ ಕಾಯ್ದೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರ ಸೆಕ್ಷನ್ 2 ಓದಿದಾಗಲೇ ನಮ್ಮ ದಾರಿ ಮುಚ್ಚಿತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ ₹3,500 ಮೀರಿದ ಮನೆಗಳಿಗೆ, ಇತರ ಪ್ರದೇಶಗಳಲ್ಲಿ ₹2,000 ಮೀರಿದವಕ್ಕೆ, ಆ ಕಾಯ್ದೆ ಅನ್ವಯವಾಗುವುದಿಲ್ಲ. ಮಿತಿಯನ್ನು ರೂಪಾಯಿಯಲ್ಲಿ ಬರೆದಿಟ್ಟರು; ಬೆಲೆ ಏರಿದಂತೆ ಅದೂ ಏರುವ ವ್ಯವಸ್ಥೆ ಮಾಡಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಒಂದು ಕೋಣೆ ಸಿಗುವುದೂ ಕಷ್ಟ.

ದುಬಾರಿ ಮನೆಗಳ ಬಾಡಿಗೆಯನ್ನು ಸರ್ಕಾರ ನಿಯಂತ್ರಿಸುವುದು ಬೇಡ ಎಂಬ ಉದ್ದೇಶಕ್ಕೆ ಅಂಥ ಮಿತಿ ಇರಬಹುದು. ಆದರೆ ಬಾಡಿಗೆಯ ನಿಯಂತ್ರಣದ ಜೊತೆಗೆ ಬಾಡಿಗೆ ವ್ಯಾಜ್ಯ ಕೇಳುವ ವಿಶೇಷ ಬಾಗಿಲೂ ಮುಚ್ಚಿಹೋಯಿತು. ಎಷ್ಟು ಬಾಡಿಗೆ ಎಂಬುದನ್ನು ಮಾರುಕಟ್ಟೆಗೆ ಬಿಡೋಣ, ಅದಕ್ಕೆ ತಕರಾರಿಲ್ಲ. ಅಡ್ವಾನ್ಸ್ ಜಗಳ ಎಲ್ಲಿ ಮುಗಿಯಬೇಕು ಎಂಬುದನ್ನೂ ಅದಕ್ಕೇ ಬಿಡಬೇಕಿತ್ತೇ?

ಉಳಿದದ್ದು ಸಾಮಾನ್ಯ ಸಿವಿಲ್ ದಾವೆ. ಹಣ ವಸೂಲಿಗೆ ಮೂರು ವರ್ಷದ ಕಾಲಮಿತಿ ಇತ್ತು, ಸಮಯದ ಒತ್ತಡ ಇರಲಿಲ್ಲ. ಕರಾರು ಪತ್ರದ ಮುದ್ರಾಂಕ ಕಡಿಮೆ ಎಂದು ಎದುರಿನವರು ತಕರಾರು ತೆಗೆದರೆ, 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಕೊರತೆ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟಿದ ಮೇಲೇ ಅದು ಸಾಕ್ಷ್ಯವಾಗುತ್ತದೆ. ಮೊತ್ತ ದೊಡ್ಡದಾಗುತ್ತಿರಲಿಲ್ಲ, ಆದರೆ ಮೊದಲ ಹಂತದಲ್ಲೇ ಇನ್ನೊಂದು ಮೆಟ್ಟಿಲು. ವಕೀಲರ ಶುಲ್ಕ, ಆಕೆಯ ಶಿಫ್ಟ್ ಡ್ಯೂಟಿಯ ನಡುವೆ ಕೋರ್ಟ್ ಅಲೆದಾಟ, ಇವೆಲ್ಲ ಕೂಡಿಸಿದಾಗ ₹93,000ಕ್ಕಾಗಿ ದಾವೆ ಹೂಡುವುದು ಲೆಕ್ಕಕ್ಕೆ ಬರಲಿಲ್ಲ. ಇಂಥ ಹೆಚ್ಚಿನ ಜಗಳಗಳು ಕೋರ್ಟಿಗೆ ಹೋಗದಿರುವುದು ಇದೇ ಕಾರಣಕ್ಕೆ: ಬಿಟ್ಟುಬಿಡುವಷ್ಟು ಚಿಕ್ಕದಲ್ಲ, ಹೋರಾಡುವಷ್ಟು ದೊಡ್ಡದೂ ಅಲ್ಲ.

ಒಬ್ಬ ವಕೀಲರು ಖಾರವಾದ ನೋಟಿಸ್ ಸಿದ್ಧಪಡಿಸಿ ಕೊಟ್ಟರು. ಶೇಕಡ 18 ಬಡ್ಡಿ, ಮಾನಸಿಕ ಹಿಂಸೆಗೆ ಪರಿಹಾರ, ಕ್ರಿಮಿನಲ್ ಕ್ರಮದ ಎಚ್ಚರಿಕೆ ಎಲ್ಲವೂ ಅದರಲ್ಲಿತ್ತು. ಬಾಡಿಗೆದಾರ್ತಿ ಅದನ್ನು ಓದಿ, “ಇದು ಹೋದರೆ ಆಂಟಿ ಹೆದರಿಕೊಳ್ಳುತ್ತಾರೆ, ಮಗನಿಗೆ ಕೋಪ ಬರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ” ಎಂದರು. ನೋಟಿಸ್ ಹೋಗಲಿಲ್ಲ. ಅದರ ಬದಲು ಒಂದು ಪುಟದ ಪತ್ರ ಹೋಯಿತು, ಯಜಮಾನಿಗೂ ಮಗನಿಗೂ. ಪ್ರತಿ ಕಡಿತಕ್ಕೂ ಮೂರು ವಿಷಯ ಕೇಳಿತ್ತು: ಆ ಹಾನಿ ನಾವು ಬಂದಾಗ ಇರಲಿಲ್ಲ ಎನ್ನಲು ಏನಿದೆ, ಅದು ಬಳಕೆಯಿಂದ ಸಹಜವಾಗಿ ಆಗುವ ಸವೆತವಲ್ಲ ಎನ್ನಲು ಏನಿದೆ, ಖರ್ಚಿನ ಬಿಲ್ ಎಲ್ಲಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 108 ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎನ್ನುತ್ತದೆ, ಆದರೆ ಸಹಜ ಸವೆತವನ್ನು ಹೊರಗಿಡುತ್ತದೆ. ನೂರ ನಲವತ್ತು ವರ್ಷ ಹಳೆಯ ಕಾಯ್ದೆಯ ಆ ಸಾಲು ನಮ್ಮ ಇಡೀ ವಾದದ ಬೆನ್ನೆಲುಬಾಯಿತು.

ಪತ್ರಕ್ಕೆ ಉತ್ತರ ಬರಲಿಲ್ಲ. ಜುಲೈನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆವು. ದಾವೆ ಹೂಡುವ ಮೊದಲೇ ಲೋಕ ಅದಾಲತ್ ಮೂಲಕ ರಾಜಿಗೆ ಪ್ರಯತ್ನಿಸುವ ಅವಕಾಶ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಅದೇ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಇಲ್ಲಿ ಬಾಡಿಗೆದಾರ್ತಿಯೂ ಅರ್ಹರು, ಯಜಮಾನಿಯೂ ಅರ್ಹರು. ಈ ಮಾತನ್ನು ಯಜಮಾನಿಗೆ ಫೋನಿನಲ್ಲಿ ತಿಳಿಸಿದ್ದು ಬಾಡಿಗೆದಾರ್ತಿಯೇ. ಪ್ರಾಧಿಕಾರದ ನೋಟಿಸ್ ಬಂದಾಗ ಅವರು ಹೆದರದೆ ಬಂದು ಕೂತದ್ದಕ್ಕೆ ಆ ಕರೆ ಕಾರಣ ಎಂದು ನನ್ನ ನಂಬಿಕೆ.

ಮೇಜಿನ ಮೇಲೆ ಏನಾಯಿತು

ಸಂಧಾನದ ಮೊದಲ ಸಭೆ ಗೋಡೆಯ ವಿಷಯದಲ್ಲೇ ಕಳೆಯಿತು, ಏಕೆಂದರೆ ಒಂದೇ ದುರಸ್ತಿಗೆ ಹಾಕಿದ್ದ ಅತಿ ದೊಡ್ಡ ಮೊತ್ತ ಅದು. ಮಗನ ವಾದ: ಬಾಡಿಗೆದಾರರು ಗೋಡೆಗೆ ಬೀರು ಒತ್ತರಿಸಿ ಇಟ್ಟು, ಕಿಟಕಿ ಮುಚ್ಚಿಟ್ಟು ಗೋಡೆ ಹಾಳುಮಾಡಿದ್ದಾರೆ. ಬಾಡಿಗೆದಾರ್ತಿ ಫೋನ್ ತೆಗೆದು ಹಳೆಯ ಸಂದೇಶ ಹುಡುಕಿದರು. ಮನೆಗೆ ಬಂದ ಎರಡನೇ ತಿಂಗಳು, 2019ರ ಜುಲೈನಲ್ಲಿ ಕಳಿಸಿದ್ದು: “ಆಂಟಿ, ಬೆಡ್‌ರೂಮ್ ಗೋಡೆ ಹಸಿ ಬಂದಿದೆ, ಒಮ್ಮೆ ನೋಡಿ.” ಕೆಳಗೆ ಫೋಟೊ. ಸ್ಕರ್ಟಿಂಗ್‌ನಿಂದ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ ಸಿಪ್ಪೆಯೆದ್ದಿತ್ತು, ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ. ಯಜಮಾನಿಯ ಉತ್ತರವೂ ಇತ್ತು: “ಮಳೆ ನಿಲ್ಲಲಿ, ಹೇಳ್ತೀನಿ.”

ಸಂಧಾನಕಾರರು ಎರಡೂ ಕಡೆಯವರು ಒಪ್ಪಿದ ಪ್ಲಂಬರ್ ಒಬ್ಬರಿಂದ ನೋಡಿಸಲು ಸೂಚಿಸಿದರು. ಅವರು ಮನೆಯೊಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊರಗೆ ಬಂದು ಮೆಟ್ಟಿಲ ಬದಿಯಲ್ಲಿ ಅದೇ ಗೋಡೆಯ ಹಿಂಭಾಗ ನೋಡಿದರು. ಅಲ್ಲೂ ಅದೇ ಎತ್ತರಕ್ಕೆ ಅದೇ ಬಿಳಿ ಗೆರೆ. ಟೆರೇಸಿನ ನೀರು ಇಳಿಯುವ ಪೈಪು ಗೋಡೆಯೊಳಗೆ ಹಾದುಹೋಗಿತ್ತು, ಅದರ ಜಾಯಿಂಟ್ ಬಿಟ್ಟಿತ್ತು. ಮೊದಲು ಪೈಪ್ ಸರಿ ಮಾಡದೆ ಪ್ಲಾಸ್ಟರಿಂಗ್ ಮಾಡಿದರೆ ಮುಂದಿನ ಮಳೆಗೆ ಮತ್ತೆ ಅದೇ ಗತಿ ಎಂದರು. ₹35,000 ಅಲ್ಲಿಗೆ ಮುಗಿಯಿತು. ನಾಲ್ಕು ವರ್ಷ ಹಿಂದಿನ ಒಂದು ಸಂದೇಶ ಇರದಿದ್ದರೆ ಪ್ಲಂಬರನ್ನು ಕರೆಸುವ ಮಾತೇ ಏಳುತ್ತಿರಲಿಲ್ಲವೇನೋ.

ಎರಡನೆಯ ಸಭೆಗೆ ಯಜಮಾನಿ ಒಬ್ಬರೇ ಬಂದರು. ಪ್ರಕರಣದ ನಿಜವಾದ ತಿರುವು ಅಲ್ಲಿ. ಅಡ್ವಾನ್ಸ್ ಹಣ ಎಲ್ಲಿದೆ ಎಂದು ಸಂಧಾನಕಾರರು ಮೆಲ್ಲಗೆ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಎಂದರು. 2019ರಲ್ಲಿ ಇವರ ಅಡ್ವಾನ್ಸ್ ಬಂದಾಗ ಅದರಲ್ಲಿ ಹಿಂದಿನ ಸಾಲ ತೀರಿಸಿದ್ದರು. ಆ ಸಾಲ ಬಂದದ್ದು ಹೇಗೆ ಎಂದರೆ, ಅವರಿಗಿಂತ ಹಿಂದಿದ್ದ ಬಾಡಿಗೆದಾರ ಅಡ್ವಾನ್ಸ್ ಮುಗಿದ ಮೇಲೂ ಬಾಡಿಗೆ ಕೊಡದೆ ಕೂತಿದ್ದ. ಆಗ ಮೂರು ತಿಂಗಳ ಅಡ್ವಾನ್ಸ್ ಮಾತ್ರ ಪಡೆದಿದ್ದರು. ಖಾಲಿ ಮಾಡಿಸಲು ದಾವೆ ಹಾಕಿದರು, ವರ್ಷಗಳಾದರೂ ಮುಗಿಯಲಿಲ್ಲ. ಗಂಡನ ಕೊನೆಯ ಕಾಯಿಲೆಯ ಕಾಲ ಅದು. ಕೊನೆಗೆ ಬಾಕಿ ಎಲ್ಲ ಬಿಟ್ಟು, ಕೈಯಿಂದ ಇನ್ನಷ್ಟು ಕೊಟ್ಟು ಅವನನ್ನು ಕಳಿಸಿದರು. “ಆವತ್ತೇ ತೀರ್ಮಾನ ಮಾಡಿದೆ, ಇನ್ನು ಹತ್ತು ತಿಂಗಳದ್ದು ಇಲ್ಲದೆ ಯಾರಿಗೂ ಮನೆ ಕೊಡಲ್ಲ ಅಂತ” ಎಂದರು.

ಆಮೇಲೆ ಬಾಡಿಗೆದಾರ್ತಿಯ ಕಡೆ ತಿರುಗಿ, ಪಟ್ಟಿ ಮಾಡಿದ್ದು ಮಗ, ಕೊಡಲು ದುಡ್ಡಿಲ್ಲ ಎಂದು ಹೇಳಲು ನಾಚಿಕೆಯಾಗಿ ತಾನು ಸುಮ್ಮನಿದ್ದೆ ಎಂದರು.

ಅಲ್ಲಿಂದ ಮಾತಿನ ದಾರಿಯೇ ಬೇರೆಯಾಯಿತು. ‘ಎಷ್ಟು’ ಎಂಬ ಜಗಳ ‘ಯಾವಾಗ’ ಎಂಬ ಲೆಕ್ಕವಾಯಿತು. ಎರಡು ತಿಂಗಳ ಮುನ್ಸೂಚನೆ ಕೊಟ್ಟಿದ್ದರಿಂದ ಖಾಲಿ ಇದ್ದ ನಷ್ಟ ಕೈಬಿಟ್ಟರು. ಕ್ಲೀನಿಂಗ್ ಕೂಡ. ಬಾತ್‌ರೂಮ್ ಬಾಗಿಲಿನ ತಳ ನೀರು ಕುಡಿದು ಉಬ್ಬಿದ್ದು ಸಹಜ ಸವೆತ ಎಂದಾಯಿತು. ಕಪಾಟಿನ ಬಾಗಿಲು ಮುರಿದದ್ದು ಮಗು ಜೋತುಬಿದ್ದು ಎಂದು ಬಾಡಿಗೆದಾರ್ತಿಯೇ ಹೇಳಿ ₹5,000 ಒಪ್ಪಿಕೊಂಡರು. ಪೇಂಟಿಂಗ್ ₹19,000, ಕರೆಂಟ್ ₹2,000. ಒಟ್ಟು ಕಡಿತ ₹26,000, ಹಿಂದಿರುಗಿಸಬೇಕಾದ್ದು ₹1,34,000. ಆಗಲೇ ಕೊಟ್ಟಿದ್ದ ₹46,000 ಕಳೆದು ₹30,000 ತಕ್ಷಣ, ಉಳಿದ ₹58,000 ಎರಡು ಸಮ ಕಂತುಗಳಲ್ಲಿ. ಬಡ್ಡಿ ಇಲ್ಲ.

ಕಂತಿಗೆ ಒಪ್ಪುವುದು ಬಾಡಿಗೆದಾರ್ತಿಗೆ ಸುಲಭವಿರಲಿಲ್ಲ. ಒಡವೆ ಸಾಲದ ಬಡ್ಡಿ ಏರುತ್ತಿತ್ತು. ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಬಾಯಿಮಾತು ಬೇಡ, ಲೋಕ ಅದಾಲತ್‌ನ ತೀರ್ಪಾಗಿ ದಾಖಲಾಗಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಅಂಥ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಮೊದಲ ಕಂತು ಸಮಯಕ್ಕೆ ಬಂತು. ಎರಡನೆಯದು ತಡವಾಯಿತು. ತೀರ್ಪಿನ ಪ್ರತಿಯನ್ನು ಮಗನಿಗೆ ಕಳಿಸಿ, ಜಾರಿಗೆ ಅರ್ಜಿ ಹಾಕಬೇಕಾಗುತ್ತದೆ ಎಂದು ಒಂದು ಸಾಲು ಬರೆದ ಮೇಲೆ ಹಣ ಜಮೆಯಾಯಿತು. ಆಗ 2023ರ ಡಿಸೆಂಬರ್. ಒಡವೆ ಸಾಲದ ಬಡ್ಡಿಯನ್ನು ಆಕೆಗೆ ಯಾರೂ ಕಟ್ಟಿಕೊಡಲಿಲ್ಲ.

ಕಾಯ್ದೆಯ ತಿದ್ದುಪಡಿಗೆ ಇದರಿಂದ ಸಿಗುವುದೇನು

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಿಷಯ ರಾಜ್ಯಗಳದ್ದಾದ್ದರಿಂದ ಅದು ಮಾದರಿ ಮಾತ್ರ. ರಾಜ್ಯ ತನ್ನ ಶಾಸನವಾಗಿ ತಂದರೆ ಮಾತ್ರ ಜಾರಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ, ಸ್ವಾಧೀನ ವಾಪಸ್ ಪಡೆಯುವಾಗಲೇ ಬಾಕಿ ಕಳೆದು ಅದನ್ನು ಹಿಂದಿರುಗಿಸಬೇಕು ಎಂದು ಅದು ಹೇಳುತ್ತದೆ. ತಮಿಳುನಾಡು ತನ್ನ 2017ರ ಕಾಯ್ದೆಯಲ್ಲಿ ಮೂರು ತಿಂಗಳ ಮಿತಿ ಇಟ್ಟಿದೆ.

ನಮ್ಮ ಪ್ರಕರಣಕ್ಕೆ ಎರಡು ತಿಂಗಳ ಮಿತಿ ಹಚ್ಚಿ ನೋಡಿ. ಅಡ್ವಾನ್ಸ್ ₹32,000 ಆಗಿರುತ್ತಿತ್ತು. ಆಕೆ ಒಡವೆ ಅಡವಿಡಬೇಕಿರಲಿಲ್ಲ, ಯಜಮಾನಿ ತೀರಿಸಲಾಗದ ಋಣ ಹೊರಬೇಕಿರಲಿಲ್ಲ. ಜಗಳ ಎದ್ದರೂ ಈ ಗಾತ್ರಕ್ಕೆ ಬೆಳೆಯುತ್ತಿರಲಿಲ್ಲ.

ಆದರೆ ಯಜಮಾನಿಯ ಕಡೆಯಿಂದ ನೋಡಿದರೆ ಮಿತಿ ಹೇರುವುದಷ್ಟೇ ಸಾಲದು. ಅವರು ಹತ್ತು ತಿಂಗಳಿಗೆ ಹೋದದ್ದು ದುರಾಸೆಯಿಂದಲ್ಲ. ಅವರ ಹಳೆಯ ಬಾಡಿಗೆದಾರನನ್ನು ಎಬ್ಬಿಸಲು ಕಾನೂನು ಬೇಕಾದಷ್ಟು ಹಕ್ಕು ಕೊಟ್ಟಿತ್ತು; ₹3,500 ಮೀರಿದ ಮನೆಗೆ ಕಾರಣ ತೋರಿಸುವ ಅಗತ್ಯವೂ ಇಲ್ಲ, ಅವಧಿ ಮುಗಿದ ಮೇಲೆ ಹದಿನೈದು ದಿನದ ನೋಟಿಸ್ ಸಾಕು. ಹಕ್ಕು ಇತ್ತು, ಆದರೆ ಅದು ವರ್ಷಗಳ ನಂತರದ ಮಾತು. ಆ ವಿಳಂಬದ ವಿರುದ್ಧ ಅವರು ತಾವೇ ಮಾಡಿಕೊಂಡ ವಿಮೆಯೇ ಹತ್ತು ತಿಂಗಳ ಅಡ್ವಾನ್ಸ್, ಅದರ ಕಂತು ಕಟ್ಟಿದ್ದು ಮಾತ್ರ ಎಂದೂ ಬಾಡಿಗೆ ತಪ್ಪಿಸದ ಇನ್ನೊಬ್ಬ ಹೆಣ್ಣುಮಗಳು. ತಪ್ಪು ಮಾಡಿ ಹೋದ ಒಬ್ಬನ ಭಾರ ಮುಂದೆ ಬರುವ ಎಲ್ಲರ ಮೇಲೂ ಬೀಳುತ್ತದೆ. ಕೋರ್ಟಿನ ವೇಗ ಹೆಚ್ಚಿಸದೆ ಅಡ್ವಾನ್ಸ್ ಮಾತ್ರ ಇಳಿಸಿದರೆ ಮಾಲೀಕರು ಬೇರೆ ದಾರಿ ಹುಡುಕುತ್ತಾರೆ: ಲೆಕ್ಕಕ್ಕೆ ಬರದ ನಗದು, ಅಥವಾ ಮನೆಗೆ ಬೀಗ ಹಾಕಿ ಖಾಲಿ ಬಿಡುವುದು.

ಮಾದರಿ ಕಾಯ್ದೆ ಇದನ್ನು ಗಮನಿಸಿದೆ. ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬಾಡಿಗೆ ಪ್ರಾಧಿಕಾರ, ಅದರ ಮೇಲೆ ಬಾಡಿಗೆ ನ್ಯಾಯಾಲಯ, ಅದರ ಮೇಲೆ ನ್ಯಾಯಮಂಡಳಿ. ಅವಧಿ ಮುಗಿದರೂ ಬಿಡದೆ ಕೂತವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ನನ್ನ ಆತಂಕ ಅಧಿಕಾರಿಗಳ ಬಗ್ಗೆ. ಕಂದಾಯ, ಚುನಾವಣೆ, ಭೂಸ್ವಾಧೀನದ ಕಡತಗಳ ನಡುವೆ ಬಾಡಿಗೆ ಅರ್ಜಿಗಳನ್ನೂ ಹೊತ್ತ ಅಧಿಕಾರಿಯಿಂದ ವೇಗ ನಿರೀಕ್ಷಿಸುವುದು ಕಷ್ಟ. ಬೆಂಗಳೂರಿನಷ್ಟು ಬಾಡಿಗೆ ಮನೆಗಳಿರುವ ನಗರಕ್ಕೆ ಬೇರೆ ಕೆಲಸವಿಲ್ಲದ ಪ್ರಾಧಿಕಾರ ಬೇಕು, ಅದಕ್ಕೆ ಸಿಬ್ಬಂದಿಯ ಹಣ ಮೊದಲೇ ಮೀಸಲಾಗಬೇಕು.

ಇನ್ನೊಂದು ಕೊರತೆಯನ್ನು ಮಾದರಿ ಕಾಯ್ದೆಯೂ ತುಂಬಿಲ್ಲ: ಹಣ ಯಾರ ಕೈಯಲ್ಲಿರಬೇಕು? ಅಡ್ವಾನ್ಸ್ ಬಾಡಿಗೆದಾರರದ್ದು, ಆದರೆ ಖರ್ಚಾಗುವುದು ಮಾಲೀಕರ ಮನೆಯಲ್ಲಿ. ಇಂಗ್ಲೆಂಡಿನಲ್ಲಿ 2004ರ ವಸತಿ ಕಾಯ್ದೆಯ ಅಡಿ 2007ರ ಏಪ್ರಿಲ್‌ನಿಂದ ಮಾಲೀಕರು ಠೇವಣಿಯನ್ನು ಸರ್ಕಾರ ಮಾನ್ಯಮಾಡಿದ ರಕ್ಷಣಾ ಯೋಜನೆಯೊಂದರಲ್ಲಿ ಇಡಬೇಕು ಅಥವಾ ವಿಮೆ ಮಾಡಿಸಬೇಕು. ಈಗ ಅದಕ್ಕೆ ಮೂವತ್ತು ದಿನಗಳ ಗಡುವು. ತಪ್ಪಿದರೆ ಠೇವಣಿಯ ಮೂರು ಪಟ್ಟಿನವರೆಗೆ ದಂಡ. ಕಡಿತದ ಬಗ್ಗೆ ಜಗಳ ಬಂದರೆ ಆ ಯೋಜನೆಯವರೇ ಉಚಿತವಾಗಿ ತೀರ್ಮಾನಿಸುತ್ತಾರೆ, ಹಾನಿಯಾಗಿದೆ ಎಂದು ತೋರಿಸುವ ಹೊಣೆ ಮಾಲೀಕರದ್ದು. ನಮ್ಮ ಪ್ರಕರಣದಲ್ಲಿ ಹಣ ಅಂಥ ಕಡೆ ಇದ್ದಿದ್ದರೆ ಯಜಮಾನಿಯ ನಾಚಿಕೆಯ ಮೌನಕ್ಕೆ, ಮಗನ ಪಟ್ಟಿಗೆ ಅವಕಾಶವೇ ಇರುತ್ತಿರಲಿಲ್ಲ. ಹೊಸಬರ ಅಡ್ವಾನ್ಸ್‌ನಿಂದ ಹಳಬರ ಋಣ ತೀರಿಸುವ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಪೇಂಟಿಂಗ್ ವಿಷಯವನ್ನೂ ಸೇರಿಸಬೇಕು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು, ವೈರಿಂಗ್ ಮಾಲೀಕರ ಪಾಲು ಎಂದು ಮಾದರಿ ಕಾಯ್ದೆಯ ಎರಡನೇ ಅನುಸೂಚಿ ಹೇಳುತ್ತದೆ. ನಲ್ಲಿಯ ವಾಷರ್, ಸ್ವಿಚ್ಚು, ಬೀಗದಂಥವು ಬಾಡಿಗೆದಾರರ ಪಾಲು. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಳ್ಳಲು ಅವಕಾಶ ಇರುವುದರಿಂದ ಒಂದು ತಿಂಗಳ ಪೇಂಟಿಂಗ್ ಪದ್ಧತಿ ಹಾಗೆಯೇ ನುಸುಳಿ ಉಳಿಯಬಹುದು. ಕರ್ನಾಟಕದ ಶಾಸನ ಈ ಬಾಗಿಲನ್ನು ಮುಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ಶಾಸನ ಬರುವವರೆಗೆ ಇಬ್ಬರೂ ತಮ್ಮ ಮಟ್ಟಿಗೆ ಮಾಡಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಯಜಮಾನಿ ಹೊಸ ಬಾಡಿಗೆದಾರರಿಂದ ಐದು ತಿಂಗಳದ್ದು ಮಾತ್ರ ಪಡೆದು, ಆ ಹಣವನ್ನು ಬೇರೆ ಖಾತೆಯಲ್ಲಿ ಎಫ್‌ಡಿ ಮಾಡಿಸಿದ್ದಾರೆ. ಟೆರೇಸಿನ ಪೈಪ್ ಬದಲಾಗಿದೆ. ಬಾಡಿಗೆದಾರ್ತಿಯ ಹೊಸ ಮನೆಗೂ ಅಷ್ಟರಲ್ಲಿ ಹನ್ನೊಂದು ತಿಂಗಳ ನವೀಕರಣ ಬಂತು. ಕೋಣೆವಾರು ಫೋಟೊಗಳಿಗೆ ಆಕೆಯೂ ಹೊಸ ಮನೆಯ ಮಾಲೀಕರೂ ಸಹಿ ಮಾಡಿ ಕರಾರಿಗೆ ಲಗತ್ತಿಸಿದರು. ಕೀ ಒಪ್ಪಿಸಿದ ಹದಿನೈದು ದಿನದೊಳಗೆ ಬಿಲ್ ಸಮೇತ ಲೆಕ್ಕ ಕೊಡಬೇಕು, ಮೂವತ್ತು ದಿನದೊಳಗೆ ಹಣ ಹಿಂದಿರುಗಿಸಬೇಕು, ತಡವಾದರೆ ಬಡ್ಡಿ, ಹೊಸ ಬಾಡಿಗೆದಾರರು ಬರುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಸಾಲುಗಳನ್ನು ಸೇರಿಸಿದರು. ಆ ಮನೆಯ ಮಾಲೀಕರು ಓದಿ, ಬಡ್ಡಿಯ ಸಾಲೊಂದನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಹಾಕಿದರು.